ಹೇಳಬಾರದ ಮಾತು

ಕೊಳೆಗೇರಿಯಲ್ಲಿ ಕಷ್ಟದಲ್ಲಿರುವವರ ಮನೆಗೆ ಹೋಗಿ ಅವರ ದುಃಖ ಕೇಳಿಸಿಕೊಳ್ಳುವುದು ಹೇಗೆ ಎಂದು ಚರ್ಚಿನ ಹಿಂದಿನ ಕೋಣೆಯಲ್ಲಿ ದಯಾಮಣಿ ಅಮ್ಮ ನಮಗೆ ಕಲಿಸುತ್ತಿದ್ದರು. ಪಾಸಾದವರನ್ನು ಮಾತ್ರ ಮನೆಗಳಿಗೆ ಕಳಿಸುತ್ತಿದ್ದರು. ಪರೀಕ್ಷೆಯ ದಿನ ಅವರೇ ಮಗು ಕಳೆದುಕೊಂಡ ತಾಯಿಯಂತೆ ನನ್ನೆದುರು ಕೂತರು.

"ಯಾಕಮ್ಮ ನನಗೇ ಹೀಗಾಯ್ತು?"

"ದೇವರ ಚಿತ್ತ, ಅಕ್ಕಾ," ಎಂದೆ. ನಮ್ಮ ಓಣಿಯಲ್ಲಿ ಸಾವಿನ ಮನೆಗೆ ಹೋದವರೆಲ್ಲ ಹೇಳುವುದು ಅದನ್ನೇ.

ಅವರು ಎದ್ದು ನಿಂತರು. "ಮೂರನೇ ಸಲ ಹೇಳ್ತಿದೀನಿ. ಆ ಮಾತು ಹೆತ್ತವಳ ಬಾಯಿ ಮುಚ್ಚಿಸುತ್ತೆ. ಉತ್ತರ ಕೊಡೋದು ನಿನ್ನ ಕೆಲಸ ಅಲ್ಲ. ಕೈ ಹಿಡ್ಕೊಂಡು ಸುಮ್ನೆ ಕೂತ್ಕೊ."

"ಸುಮ್ನೆ ಕೂತ್ರೆ ಇವಳಿಗೆ ಕರುಳೇ ಇಲ್ಲ ಅಂದ್ಕೋತಾರಲ್ಲಮ್ಮ."

"ಅಂದ್ಕೊಳ್ಳಲಿ."

ಉಳಿದವರು ನಕ್ಕರು. ನನ್ನೊಬ್ಬಳನ್ನು ಬಿಟ್ಟು ಎಲ್ಲರೂ ಪಾಸಾದರು.

ಹದಿನೈದು ದಿನ ಕಳೆದಿರಲಿಲ್ಲ, ದಯಾಮಣಿ ಅಮ್ಮನ ಒಬ್ಬಳೇ ಮಗಳು ಜ್ವರದಿಂದ ತೀರಿಕೊಂಡಳು. ನಾವೆಲ್ಲ ಹೋದೆವು. ಕಲಿಸಿದ ಹಾಗೆಯೇ ಒಬ್ಬೊಬ್ಬರೂ ಅವರ ಕೈ ಹಿಡಿದು, ಸುಮ್ಮನೆ ಕೂತು, ಎದ್ದು ಹೋದರು. ಕೊನೆಗೆ ನಾನು ಕೂತೆ. ಆ ಮಾತು ಬಾಯಿಗೆ ಬಂದಾಗಲೆಲ್ಲ ತುಟಿ ಕಚ್ಚಿಕೊಂಡೆ. ಈ ಸಲವಾದರೂ ತಪ್ಪಬಾರದು ಅಂದುಕೊಂಡಿದ್ದೆ.

ತುಂಬ ಹೊತ್ತಾದ ಮೇಲೆ ಅವರು ನನ್ನ ಕೈ ಅದುಮಿದರು.

"ಯಾರೂ ಏನೂ ಹೇಳ್ತಿಲ್ಲ ಕಣೇ," ಎಂದರು. "ನೀನಾದ್ರೂ ಅವತ್ತಿನ ಆ ಮಾತು ಹೇಳು, ಮಗಳೇ."