ಜಪಾನಿ ಅಜ್ಜಿಯ ಮನೆಯ ಪಾಠ

ಬೇಲಿಯ ಮರೆಯಲ್ಲಿ ಕುಕ್ಕರಗಾಲಲ್ಲಿ ಕುಳಿತಿದ್ದ ದಂತವೈದ್ಯರಿಗೆ ಕಾಲು ಜೋಮು ಹಿಡಿದಿತ್ತು. ಕಿವಿ ಮಾತ್ರ ಚುರುಕಾಗಿತ್ತು. ಪರದೆ ಎಳೆದ ಕಿಟಕಿಯಾಚೆ ಇಬ್ಬರು ಹೆಂಗಸರು ಪಿಸುದನಿಯಲ್ಲಿ ಜಪಾನಿ ಭಾಷೆ ಮಾತಾಡುತ್ತಿದ್ದರು. ಮಾತು ಅನ್ನುವುದಕ್ಕಿಂತ ಪಾಠ ಅನ್ನಬೇಕು. ಒಂದು ದನಿ ತಡವರಿಸುತ್ತ ವಾಕ್ಯ ಒಪ್ಪಿಸುತ್ತಿತ್ತು, ಇನ್ನೊಂದು ಸಾವಧಾನವಾಗಿ ತಿದ್ದುತ್ತಿತ್ತು. ಅಕ್ಕಾ, ನಿನ್ನನ್ನು ನೋಡಿ ತುಂಬಾ ಸಂತೋಷವಾಯಿತು. ಮತ್ತೆ ಅದೇ ವಾಕ್ಯ. ಮತ್ತೆ ತಿದ್ದುಪಡಿ.

ಗಣಿತದ ಮೇಡಂ ಕೊನೆಗೂ ಸಿಕ್ಕಿಬಿದ್ದರು. ಭಾಷಣದ ವಿಷಯವೂ ಗೊತ್ತಾಯಿತು: ಅಕ್ಕ.

ಊರಿನ ಜಪಾನಿ ಬಳಗ ಶನಿವಾರದ ಸಂಜೆ ಗ್ರಂಥಾಲಯದ ಮಹಡಿಯಲ್ಲಿ ಸೇರುತ್ತಿತ್ತು. ಕಾಗದ ಮಡಚಿ ಕೊಕ್ಕರೆ ಮಾಡುವವರು, ಕುಂಚದಲ್ಲಿ ಅಕ್ಷರ ಬರೆಯುವವರು, ಮಂಡಿಯೂರಿ ಚಹಾ ಕುಡಿದು ಮೇಲೇಳಲಾಗದೆ ಒದ್ದಾಡುವವರು ಎಲ್ಲರೂ ಅಲ್ಲಿದ್ದರು. ವರ್ಷಕ್ಕೊಮ್ಮೆ ಭಾಷಣ ಸ್ಪರ್ಧೆ. ಈ ಸಲ ಗೆದ್ದವರಿಗೆ ಜಪಾನಿಗೆ ಹೋಗಿಬರುವ ಟಿಕೆಟ್ಟು. ನಿಯಮ ಒಂದೇ, ಜಪಾನಿನವರಿಂದ ಭಾಷಣ ತಿದ್ದಿಸಿಕೊಳ್ಳುವಂತಿಲ್ಲ.

ಮೊದಲ ಬಹುಮಾನ ಪ್ರತಿವರ್ಷವೂ ನಿವೃತ್ತ ಗಣಿತದ ಮೇಡಂಗೆ, ಎರಡನೆಯದು ದಂತವೈದ್ಯರಿಗೆ. ಅವರೇನು ಕಡಿಮೆ ಶ್ರಮಪಟ್ಟವರಲ್ಲ. ರೋಗಿಗಳ ಬಾಯಿಗೆ ಹತ್ತಿ ತುರುಕಿ ಇಡೀ ಭಾಷಣ ಒಪ್ಪಿಸುತ್ತಿದ್ದರು. ಒಬ್ಬರೂ ಬೇಡ ಎಂದದ್ದಿಲ್ಲ.

ಆ ವರ್ಷದ ಮೊದಲಲ್ಲಿ ಉದ್ಯಾನದ ಪಕ್ಕದ ಮನೆಗೆ ಬೇರೆ ಊರಿನಿಂದ ಒಬ್ಬ ವೃದ್ಧೆ ಬಂದು ನೆಲೆಸಿದ್ದರು. ಮುಖ ನೋಡಿ, ಗೇಟಿನ ಮೇಲಿನ ಹೆಸರು ನೋಡಿ ಬಳಗದವರೆಲ್ಲ ಜಪಾನಿ ಅಜ್ಜಿ ಎನ್ನತೊಡಗಿದರು. ಒಮ್ಮೆ ಬೀದಿಯಲ್ಲಿ ಎದುರಾದಾಗ ದಂತವೈದ್ಯರು ನಡು ಬಗ್ಗಿಸಿ, ಹವಾಮಾನದ ಬಗ್ಗೆ ಬಾಯಿಪಾಠ ಮಾಡಿಟ್ಟಿದ್ದ ಸೊಗಸಾದ ಜಪಾನಿ ಮಾತೊಂದನ್ನು ಆಡಿದ್ದರು. ಅಜ್ಜಿ ಮುಗುಳ್ನಕ್ಕು, ತಾವೂ ಬಗ್ಗಿ, ಸರಸರನೆ ರಸ್ತೆ ದಾಟಿಬಿಟ್ಟರು. ತಮ್ಮ ಉಚ್ಚಾರಣೆಯೇ ಸರಿಯಿಲ್ಲವೇನೋ ಎಂದು ದಂತವೈದ್ಯರು ವಾರಗಟ್ಟಲೆ ಕೊರಗಿದ್ದರು. ಈಗ ಅರ್ಥವಾಯಿತು. ಮೇಡಂ ಆಗಲೇ ಅಜ್ಜಿಯನ್ನು ಬುಟ್ಟಿಗೆ ಹಾಕಿಕೊಂಡಿದ್ದರು.

ಬಾಗಿಲು ತೆರೆಯಿತು. ಅಜ್ಜಿ ಗೇಟಿನವರೆಗೂ ಬಂದು ಮೇಡಂ ಕೈಗೆ ಕಿತ್ತಳೆ ಹಣ್ಣಿನ ಚೀಲ ಕೊಟ್ಟು ತಲೆಬಾಗಿದರು. ಪಾಠ ಹೇಳಿಕೊಟ್ಟು ಮೇಲೆ ಹಣ್ಣೂ ಕೊಡುವುದೇ! ಇಂಥ ಗುರು ತಮಗೇಕೆ ಸಿಗಲಿಲ್ಲ ಎಂದು ದಂತವೈದ್ಯರ ಹೊಟ್ಟೆ ಉರಿಯಿತು.

ಮನೆಯಲ್ಲಿ ಹೆಂಡತಿ ಎಲ್ಲವನ್ನೂ ಕೇಳಿ, ಅವರ ಪ್ಯಾಂಟಿಗೆ ಅಂಟಿದ್ದ ಎಲೆಗಳನ್ನು ಕೊಡವಿದಳು.

"ಆಕೆ ನಿಮಗಿಂತ ಚೆನ್ನಾಗಿ ಕಲಿತಿದ್ದಾರೆ ಅಂತ ಒಪ್ಪಿಕೊಂಡ್ರೆ ನಿಮ್ಮ ಹಲ್ಲೇನೂ ಉದುರಲ್ಲ."

ದಂತವೈದ್ಯರಿಗೆ ಆ ಮಾತು ಹಿಡಿಸಲಿಲ್ಲ. ಮುಂದಿನ ಶನಿವಾರ ಮೇಡಂ ಒಬ್ಬರೇ ಕುರ್ಚಿ ಜೋಡಿಸುತ್ತಿದ್ದಾಗ ಹತ್ತಿರ ಹೋಗಿ, ಅಜ್ಜಿಯ ಮನೆಗೆ ಹೋಗುತ್ತೀರಂತಲ್ಲ ಎಂದು ನೇರವಾಗಿಯೇ ಕೇಳಿದರು.

ಮೇಡಂ ಬೆಚ್ಚಲಿಲ್ಲ. "ಹೋಗ್ತೀನಿ. ಜಪಾನೀಸ್ ಪಾಠಕ್ಕೆ. ದಯವಿಟ್ಟು ಯಾರಿಗೂ ಹೇಳ್ಬೇಡಿ ಡಾಕ್ಟ್ರೇ. ಗೊತ್ತಾದ್ರೆ ತುಂಬಾ ನಾಚಿಕೆ ಆಗುತ್ತೆ."

ಆಗಲೇಬೇಕು, ಎಂದುಕೊಂಡರು ದಂತವೈದ್ಯರು. ತಪ್ಪೊಪ್ಪಿಗೆ ಇಷ್ಟು ಸುಲಭವಾಗಿ ಸಿಗುತ್ತದೆಂದು ಅವರು ಕನಸಿನಲ್ಲೂ ಎಣಿಸಿರಲಿಲ್ಲ. ನೇರ ಅಧ್ಯಕ್ಷರ ಬಳಿ ಹೋದರು. ಅಧ್ಯಕ್ಷರು ಔಷಧದ ಅಂಗಡಿಯವರು, ಯಾರ ಮನಸ್ಸನ್ನೂ ನೋಯಿಸಲಾರದವರು. ಬಹಳ ಹೊತ್ತು ತಲೆ ಕೆರೆದುಕೊಂಡು, ಅಜ್ಜಿಯನ್ನೇ ಸ್ಪರ್ಧೆಗೆ ಅತಿಥಿಯಾಗಿ ಕರೆಯೋಣ, ಎಲ್ಲರೆದುರು ಅವರನ್ನೇ ಕೇಳಿಬಿಡೋಣ ಎಂದರು. ಅಜ್ಜಿಯ ಬಾಗಿಲಿಗೆ ಆಮಂತ್ರಣ ಹೋಯಿತು.

ಸ್ಪರ್ಧೆಯ ಸಂಜೆ ಸಭಾಂಗಣ ತುಂಬಿತ್ತು. ದಂತವೈದ್ಯರು ಹಲ್ಲಿನ ಆರೋಗ್ಯದ ಬಗ್ಗೆ ಮಾತಾಡಿ ಒಳ್ಳೆಯ ಚಪ್ಪಾಳೆ ಗಿಟ್ಟಿಸಿದರು. ಆಮೇಲೆ ಮೇಡಂ ಬಂದರು. ಕರಿಹಲಗೆಯ ಬಗ್ಗೆ ಮಾತಾಡಿದರು. ತಾನು ತಪ್ಪು ಲೆಕ್ಕ ಬರೆದ ದಿನ ಇಡೀ ತರಗತಿ ಹೇಗೆ ಎದ್ದು ಕುಳಿತಿತು ಎಂದು ಹೇಳಿ ಎಲ್ಲರನ್ನೂ ನಗಿಸಿದರು. ಅಕ್ಕನ ಸುದ್ದಿಯೇ ಇರಲಿಲ್ಲ. ಸುಳಿವು ಸಿಕ್ಕಿ ಭಾಷಣವನ್ನೇ ಬದಲಾಯಿಸಿದ್ದಾರೆ, ಘಾಟಿ ಹೆಂಗಸು, ಎಂದು ದಂತವೈದ್ಯರು ಒಳಗೊಳಗೇ ಮೆಚ್ಚಿದರು.

ಅಧ್ಯಕ್ಷರು ಎದ್ದು, ಒಂದು ದೂರು ಬಂದಿದೆ ಎಂದು ಗಂಟಲು ಸರಿಮಾಡಿಕೊಂಡು ವಿಷಯ ಹೇಳಿದರು. ನಗು ನಿಂತಿತು. ಮೇಡಂ ಒಮ್ಮೆ ದಂತವೈದ್ಯರತ್ತ ನೋಡಿದರು. ಕೋಪವಿರಲಿಲ್ಲ, ಬೇಸರವಿತ್ತು. ಆ ಮನೆಗೆ ಹೋಗುವುದು ನಿಜ, ಅದಕ್ಕಿಂತ ಹೆಚ್ಚು ಏನೂ ಹೇಳಲಾರೆ, ಬೇಕಿದ್ದರೆ ನನ್ನ ಹೆಸರು ತೆಗೆದುಬಿಡಿ ಎಂದರು. ದಂತವೈದ್ಯರಿಗೆ ಅದೇಕೋ ಗೆಲುವು ಸಪ್ಪೆಯೆನಿಸಿತು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಅಜ್ಜಿ ತಾವಾಗಿಯೇ ಎದ್ದು ಬಂದು ಮೇಡಂ ಪಕ್ಕ ನಿಂತರು. ಮುಖ ಕೆಂಪಾಗಿತ್ತು. ಅಧ್ಯಕ್ಷರು ಮೂರು ಸಲ ಬಗ್ಗಿ, ತಮಗೆ ಬರುವ ಅತಿ ವಿನಯದ ಜಪಾನಿಯಲ್ಲಿ, ಈ ಮಹನೀಯರಿಗೆ ತಾವು ಭಾಷೆ ತಿದ್ದಿಕೊಟ್ಟದ್ದು ಹೌದೇ ಎಂದು ಕೇಳಿದರು. ದಂತವೈದ್ಯರು ಕುರ್ಚಿಯ ತುದಿಗೆ ಸರಿದರು.

ಅಜ್ಜಿ ಗಾಬರಿಯಿಂದ ಮೇಡಂ ತೋಳು ಹಿಡಿದುಕೊಂಡು, ಹುಟ್ಟಿದಾಗಿನಿಂದ ಅದನ್ನೇ ಆಡಿ ಬೆಳೆದವರಂತೆ, ಅಚ್ಚ ನಮ್ಮ ಮಾತಿನಲ್ಲೇ ಕೇಳಿದರು: "ಇವರೇನು ಕೇಳ್ತಿದ್ದಾರೆ ಮೇಡಂ? ಜಪಾನಿನಿಂದ ಅಕ್ಕ ಬಂದಾಗ ಮಾತಾಡೋಕೆ ಅಂತ ನೀವು ಹೇಳಿಕೊಟ್ಟದ್ದರಲ್ಲಿ ಇದು ಇರಲಿಲ್ಲವಲ್ಲ."