ಜೀವಂತ ಕಾಣಬಾರದು

ಮುದುಕನೊಬ್ಬ ಕೌಂಟರಿನ ಮೇಲಿಟ್ಟ ಫೋಟೋ ನೋಡುತ್ತಲೇ ಫಯಾಜನ ಮುಖದ ಕಳೆ ಇಳಿಯಿತು. ಅದನ್ನು ಕಸಿದುಕೊಂಡವನಂತೆ ಎತ್ತಿಕೊಂಡು, ಪರದೆ ಸರಿಸಿ ಒಳಗೆ ಬಂದ.

ಒಳಗೆ ಅವನ ಹೆಂಡತಿ ಆಯೇಶಾ ಕಂಪ್ಯೂಟರಿನ ಮುಂದೆ ಕುಳಿತಿದ್ದಳು. ಇಂಡಿ ಬಸ್‌ಸ್ಟ್ಯಾಂಡಿನ ಹಿಂದಿನ ಆ ಸ್ಟುಡಿಯೋಗೆ ಕಂಪ್ಯೂಟರು ಬಂದು ವರ್ಷವೂ ತುಂಬಿರಲಿಲ್ಲ. ಫೋಟೋ ಹೊಡೆಯುವುದು ಗಂಡನ ಕೆಲಸ, ಬಣ್ಣ ಬದಲಿಸುವುದು ಹೆಂಡತಿಯದು. ಮದುಮಗಳ ಹಿಂದಿನ ಬೋಳು ಗೋಡೆಯನ್ನು ಗುಲಾಬಿ ತೋಟ ಮಾಡುವುದು, ಮಟಮಟ ಮಧ್ಯಾಹ್ನವನ್ನು ಕೆಂಪು ಸಂಜೆ ಮಾಡುವುದು ಅವಳಿಗೆ ಆಟ.

"ಹೊರಗ ಬರಬ್ಯಾಡ," ಫಯಾಜ ಪಿಸುಗುಟ್ಟಿದ. "ಕೆಮ್ಮೂ ಬ್ಯಾಡ."

ಆಯೇಶಾ ಫೋಟೋ ನೋಡಿದಳು. ಹರೆಯದ ಹುಡುಗಿ. ಕಾಲೇಜಿನ ಗ್ಯಾದರಿಂಗಿನಲ್ಲಿ ತೆಗೆದದ್ದು. ನಗು ತಡೆಯಲಾಗದೆ ತುಟಿ ಅರೆ ತೆರೆದಿತ್ತು. ಬಣ್ಣವೆಲ್ಲ ಹಾರಿ ಚಿತ್ರವಿಡೀ ಇಟ್ಟಂಗಿಯಂತೆ ಕೆಂಪಾಗಿತ್ತು. ಅವಳು ಗಂಡನತ್ತ ಕತ್ತೆತ್ತಿದಳು. ಈ ಹುಡುಗಿ ಅವನಿಗೆ ಗೊತ್ತು. ಚೆನ್ನಾಗಿಯೇ ಗೊತ್ತು.

ಫಯಾಜ ಮತ್ತೆ ಹೊರಗೆ ಹೋದ. "ಏನ್ ಮಾಡಬೇಕ್ರಿ ಕಾಕಾ?"

ಬಂದವನು ಬಾಗೇವಾಡಿ ಕಡೆಯ ಗೊಳಸಂಗಿಯ ಬಸಂತರಾಯ. ಅವನ ದನಿ ಬೇಕಾದದ್ದಕ್ಕಿಂತ ಜೋರಾಗಿತ್ತು. "ನನ್ನ ದೊಡ್ಡ ಮಗಳ್ರಿ. ಕಾಮಣಿ ಜಡ್ಡಾಗಿ ತೀರಿಕೊಂಡ್ಳು. ಗ್ವಾಡಿಗೆ ಹಾಕಿ ಮಾಲಿ ಹಾಕಬೇಕು. ಹಿಂದ ನೀಲಿ ಆಕಾಶ ಇರಲಿ, ತಲಿ ಹಿಂದ ಬೆಳಕು. ನಾಳೆ ಸಣ್ಣ ಮಗಳನ್ನ ನೋಡಾಕ ಮುದ್ದೇಬಿಹಾಳದ ಬೀಗರು ಬರ್ತಾರ."

"ಇದಕ್ಕ ಇಲ್ಲಿತನಕ ಬಂದ್ರಿ? ಬಾಗೇವಾಡ್ಯಾಗ ಸ್ಟುಡಿಯೋ ಇಲ್ಲೇನ್ರಿ?"

"ಅದಾವ. ಇಲ್ಲಿ ಬಣ್ಣದ ಕೆಲಸ ಮಾಡಾಕಿ ಭಾಳ ಶಾಣ್ಯಾಕಿ ಅಂತ ಕೇಳೇನಿ. ಮಾಡಿ ಕೊಡ್ರಿ, ಕುಂಡರ್ತೇನಿ."

ಕುರ್ಚಿ ಎಳೆದ ಸದ್ದಾಯಿತು. ಒಳಕೋಣೆಗೆ ಕಿಟಕಿಯಿಲ್ಲ. ಇರುವ ಒಂದೇ ಬಾಗಿಲು ಕೌಂಟರಿಗೆ ತೆರೆಯುತ್ತದೆ. ಪರದೆಯ ಕೆಳಗೆ ಮುದುಕನ ಧೂಳು ಮೆತ್ತಿದ ಕೆರವುಗಳು ಕಾಣುತ್ತಿದ್ದವು. ಅವು ಅಲ್ಲಿರುವ ತನಕ ಆಯೇಶಾ ಎದ್ದು ಹೋಗುವಂತಿಲ್ಲ. ಗಂಟಲಲ್ಲಿ ಕೆರೆತ ಶುರುವಾಯಿತು. ಸೆರಗು ಬಾಯಿಗೆ ತುರುಕಿಕೊಂಡಳು.

ಫೋಟೋ ಸ್ಕ್ಯಾನ್ ಮಾಡಿ ಕೆಂಪು ಇಳಿಸಿದಳು. ಹುಡುಗಿಯ ಮೈಬಣ್ಣ ಮೇಲೆದ್ದು ಬಂತು. ಕೂದಲು ಕಪ್ಪಾಯಿತು. ಸೀರೆ ಯಾವ ಬಣ್ಣದ್ದೆಂದು ಮುದುಕ ಹೇಳಿರಲಿಲ್ಲ. ಅವಳು ಹಳದಿ ತುಂಬಿದಳು.

ಪ್ರಿಂಟು ಹೊರಗೆ ಹೋಯಿತು. ಮುದುಕ ಅದನ್ನು ಬೆಳಕಿಗೆ ಹಿಡಿದು ನೋಡಿದ.

"ಸೀರಿ ಹಳದೀನೇ ಇತ್ತು," ಎಂದ ಬಸಂತರಾಯ. "ನಿಮಗ ಹೆಂಗ ಗೊತ್ತಾತು?"

"ಅಂದಾಜ್ ಮ್ಯಾಲ ಹಚ್ಚೇವ್ರಿ," ಎಂದ ಫಯಾಜ.

"ಇದು ಬ್ಯಾಡ ತಮ್ಮಾ. ಇದರಾಗ ಆಕಿ ಜೀವಂತ ಕಾಣ್ತಾಳ. ನೋಡಿದವರಿಗೆ ಸತ್ತಾಳ ಅನಿಸಬೇಕು. ಬೀಗರ ಕಿವ್ಯಾಗ ಮಂದಿ ಏನೇನೋ ಊದ್ಯಾರ."

ಫಯಾಜ ಒಳಗೆ ಬಂದ. "ಆಗೂದಿಲ್ಲ ಅಂತ ಹೇಳಿ ಕಳಿಸಿಬಿಡ್ತೇನಿ."

ಆಯೇಶಾ ತಲೆಯಲ್ಲಾಡಿಸಿದಳು. ಉಸಿರಿನಷ್ಟೇ ಸಣ್ಣಗೆ ಹೇಳಿದಳು, "ಒಂದ್ ಹುಡುಗಿ ಮದುವಿ ಐತಿ. ಕೆಡಬಾರದು."

ಕೊಲ್ಲುವ ಕೆಲಸ ಶುರುವಾಯಿತು. ಕೆನ್ನೆಯ ರಕ್ತ ಇಳಿಸಿದಳು. ತುಟಿಗೆ ಬೂದಿ ಬಣ್ಣ ಬೆರೆಸಿದಳು. ಹಳದಿ ಸೀರೆ ಗಂಧ ತೇಯ್ದ ನೀರಿನಂತೆ ತೆಳುವಾಯಿತು. ಹಿಂದೆ ಆಕಾಶ, ತಲೆಯ ಸುತ್ತ ಬೆಳಕು. ಆದರೂ ಹುಡುಗಿ ಸಾಯಲೊಲ್ಲಳು. ಕಣ್ಣಿನಲ್ಲಿ ಎರಡು ಬಿಳಿ ಚುಕ್ಕೆ ಉಳಿದಿದ್ದವು. ಜೀವವೆಲ್ಲ ಅಲ್ಲೇ ಅಡಗಿ ಕುಳಿತಂತಿತ್ತು. ಒಂದನ್ನು ಒರೆಸಿದಳು. ಎರಡನೆಯದಕ್ಕೆ ಕೈ ಏಳಲಿಲ್ಲ. ಕಣ್ಣು ಮುಚ್ಚಿ ಮೌಸ್ ಒತ್ತಿದಳು.

ಬಸಂತರಾಯ ಹೊಸ ಪ್ರಿಂಟನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದ.

"ಹೂಂ. ಈಗ ಸತ್ತಾಳ," ಎಂದ.

ಅದನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಎದ್ದ. ಪರದೆಯ ಕೆಳಗಿನ ಕೆರವುಗಳು ಮರೆಯಾದವು. ಆಯೇಶಾ ಬಿಗಿಹಿಡಿದ ಉಸಿರು ಬಿಟ್ಟಳು. ಅಷ್ಟರಲ್ಲಿ ಅವು ತಿರುಗಿ ಬಂದವು, ಪರದೆಗೆ ಮುಟ್ಟುವಷ್ಟು ಹತ್ತಿರ. ಫಯಾಜ ಅಡ್ಡ ಬಂದು ನಿಂತ. ಮುದುಕ ಪರದೆ ಸರಿಸಲಿಲ್ಲ. ಅವನ ದನಿ ಮೊದಲಿನಂತೆ ಜೋರಾಗಿರಲಿಲ್ಲ.

"ಒಳಗ ಕುಂತಾಳಲ್ಲ ನನ್ನ ಮಗಳು, ಆಕಿಗೆ ಹೇಳಪಾ. ತಂಗಿ ತಲಿ ಮ್ಯಾಲ ಅಕ್ಕಿಕಾಳು ಬೀಳೋತನಕ ಸತ್ತಿರು ಅನ್ನು. ಆಮ್ಯಾಲ ಈ ಫೋಟೋ ನಾನೇ ಇಳಸ್ತೇನಿ."