ಐದರ ವರ್ಗ

‘ಐದರ ವರ್ಗ ಇಪ್ಪತ್ನಾಲ್ಕೇನವಾ?’ ಬೆಟಗೇರಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಪ್ರಾಯೋಗಿಕ ಪರೀಕ್ಷೆ ನಡೆಸುತ್ತಿದ್ದ ಪರೀಕ್ಷಕ ಶ್ರೀಪಾದರು ಕೇಳಿದರು. ವಿದ್ಯಾರ್ಥಿನಿ ಬನಶಂಕರಿಯ ಪರದೆಯ ಮೇಲೆ 24 ಎಂದೇ ಇತ್ತು. ಅವರ ಪೆನ್ನು ಅಂಕಪಟ್ಟಿಯಲ್ಲಿ ಅವಳ ಹೆಸರಿನ ಮುಂದೆ ನಿಂತಿತ್ತು.

‘ಒಂದ್ ನಿಮಿಷ ತಡೀರಿ ಸರ,’ ಎಂದಳು. ‘ನನ್ನ ಪ್ರೋಗ್ರಾಂನ ಲೆಕ್ಕ ಸರಿ ಐತ್ರಿ. ಘಾತ ತಗಿಯೋ ಫಂಕ್ಷನ್ ಈ ಕಂಪ್ಯೂಟರಿನ್ಯಾಗ ಇಪ್ಪತ್ತೈದಕ್ಕ ಕೂದಲೆಳಿಯಷ್ಟು ಕಮ್ಮಿ ಕೊಡತೈತಿ. ಪೂರ್ಣಾಂಕ ಮಾಡುವಾಗ ದಶಾಂಶ ಎಲ್ಲಾ ಹಾರಿಹೋಗಿ ಇಪ್ಪತ್ನಾಲ್ಕಷ್ಟ ಉಳೀತೈತ್ರಿ.’

ಅದೇ ಸಾಲಿಗೆ, ಹತ್ತಿರದ ಪೂರ್ಣಾಂಕಕ್ಕೆ ತರುವ ‘ರೌಂಡ್’ ಸೇರಿಸಿ ಮತ್ತೆ ಓಡಿಸಿದಳು. 25 ಬಂತು.

ಶ್ರೀಪಾದರು ಪರದೆಯತ್ತ ಬಗ್ಗಿ ಆ ಸಾಲನ್ನು ಓದಿದರು. ಆಮೇಲೆ ಪೆನ್ನಿಗೆ ಮುಚ್ಚಳ ಹಾಕಿ, ಲ್ಯಾಬಿನ ಸಹಾಯಕಿಯ ಕಡೆ ತಿರುಗಿದರು. ‘ಮುಂಜಾನಿ ಇದ ಉತ್ತರಕ್ಕ ನಾ ಫೇಲ್ ಮಾಡಿ ಕಳಿಸಿದ ಮೂರು ಮಂದಿ ಅದಾರಲ್ಲ, ಅವರನ್ನ ಜಲ್ದಿ ವಾಪಸ್ ಕರೀರಿ.’